48–48: ಟೆನೆಸ್ಸಿಯ ಕೆಳಮನೆಯಲ್ಲಿ ಮಹಿಳೆಯರ ಮತದಾನದ ಹಕ್ಕು, 1920ರ ಒಂದು ಪ್ರಕರಣ ಅಧ್ಯಯನ

ಮಹಿಳೆಯರಿಗೆ ದೇಶಾದ್ಯಂತ ಮತದಾನದ ಹಕ್ಕು ಕೊಡುವ, ಅಮೆರಿಕದ ಸಂವಿಧಾನದ ಹತ್ತೊಂಬತ್ತನೆಯ ತಿದ್ದುಪಡಿಗೆ ಬೇಕಿದ್ದ ಕೊನೆಯ ಒಪ್ಪಿಗೆ 1920ರ ಆಗಸ್ಟ್‌ನಲ್ಲಿ ದಕ್ಷಿಣದ ಟೆನೆಸ್ಸಿ ರಾಜ್ಯದಿಂದ ಬಂತು. ಈ ಘಟನೆಯನ್ನು ಸಾಮಾನ್ಯವಾಗಿ ಒಬ್ಬ ತರುಣ ಶಾಸಕ ಮತ್ತು ಅವರಿಗೆ ತಾಯಿ ಬರೆದ ಪತ್ರದ ಕಥೆಯಾಗಿ ಹೇಳುತ್ತಾರೆ. ಕಥೆ ನಿಜವೇ. ಆದರೆ ಅಲ್ಲಿಗೇ ನಿಂತರೆ ಉಳಿದ ಮತಗಳು ಎಲ್ಲಿಂದ ಬಂದವು, ಅವು ಕೊನೆಯ ಗಳಿಗೆಯವರೆಗೆ ಹೇಗೆ ಉಳಿದುಕೊಂಡವು, ಎದುರಾಳಿಗಳು ಗೆಲ್ಲಬಹುದಾಗಿದ್ದ ಪಂದ್ಯವನ್ನು ಎಲ್ಲಿ ಕೈಚೆಲ್ಲಿದರು ಎಂಬುದು ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಚಳವಳಿಯ ಮುಂದಾಳುಗಳನ್ನೂ ಉನ್ನತ ಅಧಿಕಾರದಲ್ಲಿದ್ದವರನ್ನೂ ಮಾತ್ರ ಹೆಸರಿಸಿ, ಕೆಳಮನೆಯಲ್ಲಿ ಮತ ಹಾಕಿದವರನ್ನು ಅವರ ಸ್ಥಾನದಿಂದಷ್ಟೇ ಗುರುತಿಸಿದ್ದೇನೆ. ಯಾರು ಎಂಬುದಕ್ಕಿಂತ, ಯಾವ ಒತ್ತಡದಲ್ಲಿ ನಿಂತು ಏನನ್ನು ನಿರ್ಧರಿಸಿದರು ಎಂಬುದು ಈ ಪ್ರಕರಣಕ್ಕೆ ಮುಖ್ಯ.

ಹಿನ್ನೆಲೆ

ತಿದ್ದುಪಡಿಯನ್ನು ಅಮೆರಿಕದ ಕಾಂಗ್ರೆಸ್ಸಿನ ಎರಡೂ ಸದನಗಳು 1919ರ ಜೂನ್ 4ರ ವೇಳೆಗೆ ಅಂಗೀಕರಿಸಿದ್ದವು. ಅದು ಸಂವಿಧಾನದ ಭಾಗವಾಗಲು ಆಗಿದ್ದ 48 ರಾಜ್ಯಗಳಲ್ಲಿ ಮುಕ್ಕಾಲು ಪಾಲು, ಎಂದರೆ 36 ರಾಜ್ಯಗಳ ಶಾಸನಸಭೆಗಳು ಅನುಮೋದಿಸಬೇಕಿತ್ತು. ಮೊದಲ ತಿಂಗಳುಗಳಲ್ಲಿ ಅನುಮೋದನೆಗಳು ಒಂದರ ಹಿಂದೆ ಒಂದು ಬಂದವು. 1920ರ ಮಾರ್ಚ್ 22ರಂದು ವಾಷಿಂಗ್ಟನ್ ರಾಜ್ಯ 35ನೆಯದಾಗಿ ಒಪ್ಪಿತು, ಆಮೇಲೆ ಬಂಡಿ ಅಲ್ಲಿಯೇ ಹೂತುಕೊಂಡಿತು. ಜಾರ್ಜಿಯಾ, ಅಲಬಾಮಾ, ದಕ್ಷಿಣ ಕೆರೊಲಿನಾ, ವರ್ಜೀನಿಯಾ, ಮಿಸಿಸಿಪ್ಪಿ ರಾಜ್ಯಗಳು ತಿದ್ದುಪಡಿಯನ್ನು ತಿರಸ್ಕರಿಸಿದ್ದವು. ಜೂನ್ ಆರಂಭದಲ್ಲಿ ಡೆಲಾವೇರ್ ಕೂಡ ಕೈಕೊಟ್ಟಿತು. ಕನೆಕ್ಟಿಕಟ್ ಮತ್ತು ವರ್ಮಾಂಟ್ ರಾಜ್ಯಗಳ ಗವರ್ನರ್‌ಗಳು ವಿಶೇಷ ಅಧಿವೇಶನ ಕರೆಯಲೇ ಒಪ್ಪಲಿಲ್ಲ. ನವೆಂಬರ್ 2ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಆಶೆ ಇಟ್ಟುಕೊಳ್ಳಬಹುದಾದ ರಾಜ್ಯಗಳಲ್ಲಿ ಟೆನೆಸ್ಸಿ ಮುಖ್ಯವಾಗಿತ್ತು. ಇನ್ನೊಂದು ಉತ್ತರ ಕೆರೊಲಿನಾ, ಅದರ ಮೇಲೆ ಹೆಚ್ಚಿನವರಿಗೆ ಭರವಸೆ ಇರಲಿಲ್ಲ.

ದಕ್ಷಿಣದ ವಿರೋಧಕ್ಕೆ ಹೆಣ್ಣಿನ ಸ್ಥಾನಮಾನದ ಕುರಿತ ನಂಬಿಕೆಗಳಷ್ಟೇ ಕಾರಣವಾಗಿರಲಿಲ್ಲ. ಅಂತರ್ಯುದ್ಧದ ನಂತರ ಬಂದ ಹದಿನೈದನೆಯ ತಿದ್ದುಪಡಿ ಜನಾಂಗದ ಕಾರಣಕ್ಕೆ ಮತ ನಿರಾಕರಿಸುವುದನ್ನು ನಿಷೇಧಿಸಿತ್ತು. ದಕ್ಷಿಣದ ರಾಜ್ಯಗಳು ತಲೆಗಂದಾಯ, ಅಕ್ಷರ ಪರೀಕ್ಷೆ ಮುಂತಾದ ಅಡ್ಡಿಗಳಿಂದ ಕಪ್ಪು ಪುರುಷರನ್ನು ಮತಗಟ್ಟೆಯಿಂದ ದೂರವಿಟ್ಟು ಅದನ್ನು ನಿರರ್ಥಕಗೊಳಿಸಿದ್ದವು. ಹತ್ತೊಂಬತ್ತನೆಯ ತಿದ್ದುಪಡಿಯ ಭಾಷೆ ಹದಿನೈದನೆಯದರ ಅಚ್ಚಿನಲ್ಲೇ ಎರಕ ಹೊಯ್ದಂತಿತ್ತು, ಅದನ್ನು ಜಾರಿಗೊಳಿಸುವ ಅಧಿಕಾರವನ್ನೂ ಕಾಂಗ್ರೆಸ್ಸಿಗೇ ಕೊಟ್ಟಿತ್ತು. ಇದನ್ನು ಒಪ್ಪಿದರೆ ಹಳೆಯ ತಿದ್ದುಪಡಿಗೂ ಮತ್ತೆ ಜೀವ ಬರುತ್ತದೆ, ವಾಷಿಂಗ್ಟನ್ನಿನ ಕೈ ನಮ್ಮ ಮತಪಟ್ಟಿಯವರೆಗೆ ಚಾಚುತ್ತದೆ ಎಂಬ ಭಯವನ್ನು ವಿರೋಧಿಗಳು ಬಹಿರಂಗವಾಗಿಯೇ ಬಿತ್ತಿದರು. ಈ ಭಯದ ಆಳ ಎಷ್ಟಿತ್ತೆಂದರೆ, ಹೆಣ್ಣಿಗೆ ಮತ ಬೇಕೆಂದು ದಶಕಗಳ ಕಾಲ ದುಡಿದಿದ್ದ ಕೆಂಟಕಿಯ ಲಾರಾ ಕ್ಲೇ ಮತ್ತು ಲೂಸಿಯಾನಾದ ಕೇಟ್ ಗಾರ್ಡನ್ ಅವರೂ ಆ ಹಕ್ಕನ್ನು ರಾಜ್ಯವೇ ಕೊಡಬೇಕು, ಕೇಂದ್ರ ಕೊಡಕೂಡದು ಎಂಬ ನಿಲುವಿನಿಂದ ನ್ಯಾಶ್ವಿಲ್‌ಗೆ ಬಂದು ತಿದ್ದುಪಡಿಯ ವಿರುದ್ಧ ಕೆಲಸ ಮಾಡಿದರು.

ಟೆನೆಸ್ಸಿ ಈ ನಡುವೆ ಒಂದು ವಿಶೇಷ ಸ್ಥಿತಿಯಲ್ಲಿತ್ತು. ಅಲ್ಲಿನ ಶಾಸನಸಭೆ 1919ರಲ್ಲಿಯೇ ಅಧ್ಯಕ್ಷೀಯ ಮತ್ತು ನಗರಸಭಾ ಚುನಾವಣೆಗಳಲ್ಲಿ ಮಹಿಳೆಯರಿಗೆ ಮತ ಕೊಟ್ಟಿತ್ತು. ನ್ಯಾಶ್ವಿಲ್‌ನಲ್ಲಿ ಕ್ಯಾಥರಿನ್ ಕೆನಿ ಎಂಬ ಬಿಳಿಯ ಸಂಘಟಕಿ, ಜೂನೋ ಫ್ರಾಂಕಿ ಪಿಯರ್ಸ್ ಮತ್ತು ವೈದ್ಯೆ ಮ್ಯಾಟಿ ಕೋಲ್ಮನ್ ಎಂಬ ಕಪ್ಪು ಮುಂದಾಳುಗಳ ಜೊತೆ ಕೈಜೋಡಿಸಿದ ಫಲವಾಗಿ ಸುಮಾರು 2,500 ಕಪ್ಪು ಮಹಿಳೆಯರು ಮತಪಟ್ಟಿಗೆ ಸೇರಿದ್ದರು. ಅಂದರೆ 1920ರ ಬೇಸಿಗೆಯಲ್ಲಿ ಶಾಸಕರು ನಿರ್ಧರಿಸಬೇಕಿದ್ದದ್ದು ಮಹಿಳೆಯರು ಮತ ಹಾಕಬೇಕೇ ಬೇಡವೇ ಎಂಬುದನ್ನಲ್ಲ. ಈಗಾಗಲೇ ಅರ್ಧ ತೆರೆದಿದ್ದ ಬಾಗಿಲನ್ನು ಪೂರ್ತಿ ತೆರೆಯುವ ಹೊಣೆಯನ್ನು, ಇಡೀ ದೇಶದ ಪರವಾಗಿ, ತಾವು ಹೊರಬೇಕೇ ಎಂಬುದನ್ನು. ವಿರೋಧಿಗಳ ಉತ್ಸಾಹದ ಬಹುಪಾಲು ಈ ‘ಇಡೀ ದೇಶದ ಪರವಾಗಿ’ ಎಂಬ ಮಾತಿನ ಸುತ್ತಲೇ ಹುಟ್ಟಿತ್ತು.

ಸಮಸ್ಯೆ

ಮೊದಲ ತೊಡಕು ಕಾನೂನಿನದು. ಕೇಂದ್ರ ಸಂವಿಧಾನದ ತಿದ್ದುಪಡಿ ಬಂದ ನಂತರ ಚುನಾಯಿತವಾದ ಶಾಸನಸಭೆ ಮಾತ್ರ ಅದರ ಮೇಲೆ ತೀರ್ಮಾನ ಕೈಗೊಳ್ಳಬೇಕೆಂದು ಟೆನೆಸ್ಸಿಯ ಸಂವಿಧಾನ ಹೇಳುತ್ತಿತ್ತು, ಆಗಿದ್ದ ಸಭೆಯೋ ಅದಕ್ಕೂ ಮೊದಲೇ ಚುನಾಯಿತವಾದದ್ದು. ಜೂನ್ 1ರಂದು ಸುಪ್ರೀಂ ಕೋರ್ಟ್ ಓಹಾಯೋ ರಾಜ್ಯದ ಪ್ರಕರಣವೊಂದರಲ್ಲಿ, ತಿದ್ದುಪಡಿಯನ್ನು ಅನುಮೋದಿಸುವ ಅಧಿಕಾರ ಕೇಂದ್ರ ಸಂವಿಧಾನದಿಂದ ನೇರವಾಗಿ ಶಾಸನಸಭೆಗೆ ಬಂದದ್ದು, ರಾಜ್ಯ ಅದಕ್ಕೆ ಜನಮತಗಣನೆಯಂಥ ಷರತ್ತು ಹಾಕಲಾಗದು ಎಂದು ತೀರ್ಪಿತ್ತಿತು. ಟೆನೆಸ್ಸಿಯವರೇ ಆದ ಸಾಲಿಸಿಟರ್ ಜನರಲ್ ವಿಲಿಯಂ ಫ್ರೈಯರ್ಸನ್ ಈ ತೀರ್ಪಿನ ತರ್ಕ ತಮ್ಮ ರಾಜ್ಯದ ನಿಬಂಧನೆಗೂ ಅನ್ವಯಿಸುತ್ತದೆ ಎಂಬ ಅಭಿಪ್ರಾಯ ಕೊಟ್ಟರು. ಕಾನೂನಿನ ಬಾಗಿಲು ಹೀಗೆ ತೆರೆಯಿತಾದರೂ, ‘ನಾನು ಮಹಿಳೆಯರ ವಿರೋಧಿಯಲ್ಲ, ಆದರೆ ರಾಜ್ಯದ ಸಂವಿಧಾನದ ಮೇಲೆ ಪ್ರಮಾಣ ಮಾಡಿದ್ದೇನೆ’ ಎಂದು ಹೇಳಿ ಜಾರಿಕೊಳ್ಳಲು ಶಾಸಕರಿಗೆ ಒಂದು ಗೌರವಾನ್ವಿತ ನೆಪ ಉಳಿದೇ ಉಳಿಯಿತು. ಕೊನೆಯವರೆಗೂ ಆ ನೆಪ ಬಹಳ ಕೆಲಸ ಮಾಡಿತು.

ಎರಡನೆಯ ತೊಡಕು ಗವರ್ನರ್ ಆಲ್ಬರ್ಟ್ ರಾಬರ್ಟ್ಸ್ ಅವರದು. ಆಗಸ್ಟ್ 5ರಂದು ಅವರು ತಮ್ಮದೇ ಡೆಮಾಕ್ರಾಟ್ ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಯ ಚುನಾವಣೆಯನ್ನು ಎದುರಿಸಬೇಕಿತ್ತು. ಅಧಿವೇಶನ ಕರೆದರೆ ಒಂದು ಬಣ ಮುನಿಯುತ್ತಿತ್ತು, ಕರೆಯದಿದ್ದರೆ ಅಧ್ಯಕ್ಷ ವುಡ್ರೋ ವಿಲ್ಸನ್ ಮುನಿಯುತ್ತಿದ್ದರು. ಜೂನ್ ಕೊನೆಯ ವಾರದಲ್ಲಿ ವಿಲ್ಸನ್ ತಂತಿ ಕಳಿಸಿ ಒತ್ತಾಯಿಸಿದ ಮೇಲೆ ರಾಬರ್ಟ್ಸ್ ಒಪ್ಪಿ, ಅಧಿವೇಶನವನ್ನು ಆಗಸ್ಟ್ 9ಕ್ಕೆ, ಅಂದರೆ ತಮ್ಮ ಚುನಾವಣೆ ಮುಗಿದ ಮೇಲೆ ಗೊತ್ತು ಮಾಡಿದರು. ಹೇಡಿತನವೆಂದು ಆಗ ಹಲವರಿಗೆ ಕಂಡ ಈ ಏರ್ಪಾಡು ಹಿಂದಿರುಗಿ ನೋಡಿದರೆ ಜಾಣ ನಡೆಯೇ ಆಗಿತ್ತು: ಪಕ್ಷದೊಳಗಿನ ಪೈಪೋಟಿಯಲ್ಲಿ ಗೆದ್ದು ನಿಂತ ಗವರ್ನರ್ ಬಳಿ, ಅದಕ್ಕೆ ಮುಂಚೆ ಇರದಿದ್ದ ಅಧಿಕಾರ ಮತ್ತು ಹುದ್ದೆಗಳನ್ನು ಹಂಚುವ ಸಾಮರ್ಥ್ಯ ಇತ್ತು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು, ಮಾತು ಕೊಟ್ಟವರು ಮಾತಿನ ಮೇಲೆ ನಿಲ್ಲುವಂತೆ ಮಾಡುವುದು.

ಏನೇನು ಪ್ರಯತ್ನಿಸಲಾಯಿತು

ಮಹಿಳಾ ಮತದಾನಕ್ಕಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘಟನೆಯ ಅಧ್ಯಕ್ಷೆ ಕ್ಯಾರಿ ಚಾಪ್ಮನ್ ಕ್ಯಾಟ್ ಜುಲೈ ಮಧ್ಯದಲ್ಲಿ ನ್ಯಾಶ್ವಿಲ್‌ಗೆ ಬಂದು ಹರ್ಮಿಟೇಜ್ ಹೋಟೆಲಿನಲ್ಲಿ ಇಳಿದುಕೊಂಡರು. ಕೆಲವು ದಿನಗಳಿಗೆಂದು ಬಂದವರು ಮತದಾನ ಮುಗಿಯುವವರೆಗೆ ಅಲ್ಲೇ ಉಳಿಯಬೇಕಾಯಿತು. ಉತ್ತರದ ಹೆಂಗಸು ಬಂದು ದಕ್ಷಿಣಕ್ಕೆ ಪಾಠ ಹೇಳುತ್ತಾಳೆ ಎಂಬ ಆರೋಪ ಹೇಗೂ ಬರುತ್ತದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಶಾಸಕರ ಮುಂದೆ ನಿಲ್ಲುವ ಕೆಲಸವನ್ನು ಆನ್ ಡಲ್ಲಾಸ್ ಡಡ್ಲಿ, ಆಬಿ ಮಿಲ್ಟನ್, ಕ್ಯಾಥರಿನ್ ಕೆನಿ ಮುಂತಾದ ಸ್ಥಳೀಯ ಮಹಿಳೆಯರಿಗೆ ಬಿಟ್ಟು, ತಾವು ಊರೂರಿಗೆ ಹೋಗಿ ಭಾಷಣ ಮಾಡಿದರು, ಆಮೇಲೆ ಹೋಟೆಲಿನ ಕೋಣೆಯಿಂದ ಸೂತ್ರ ಹಿಡಿದರು. ಜುಲೈನಲ್ಲೇ ಸ್ಥಳೀಯ ಕಾರ್ಯಕರ್ತೆಯರು ಶಾಸಕರನ್ನು ಅವರವರ ಊರಿನಲ್ಲಿ, ಮನೆಯ ಜಗಲಿಯಲ್ಲಿ, ಅಂಗಡಿಯಲ್ಲಿ ಹುಡುಕಿ ಭೇಟಿಯಾಗಿ ಒಪ್ಪಿಗೆ ಪಡೆದರು. ಅಧಿವೇಶನಕ್ಕೆ ಮುಂಚೆಯೇ ಬಹುಮತದ ಲೆಕ್ಕ ಕಾಗದದ ಮೇಲೆ ಸಿಕ್ಕಿತ್ತು.

ಇದೇ ರಾಜ್ಯದಲ್ಲಿ ಇನ್ನೊಂದು ಗುಂಪೂ ಕೆಲಸ ಮಾಡುತ್ತಿತ್ತು. ನ್ಯಾಷನಲ್ ವುಮನ್ಸ್ ಪಾರ್ಟಿಯ ಸ್ಥಳೀಯ ಮುಂದಾಳು ಸ್ಯೂ ಷೆಲ್ಟನ್ ವೈಟ್, 1919ರಲ್ಲಿ ಶ್ವೇತಭವನದ ಮುಂದೆ ವಿಲ್ಸನ್ ಅವರ ಪ್ರತಿಕೃತಿ ಸುಟ್ಟು ಜೈಲಿಗೆ ಹೋಗಿ ಬಂದವರು. ಕ್ಯಾಟ್ ಅವರ ಸಂಘಟನೆಗೂ ಇವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೂಡಿ ಕೆಲಸ ಮಾಡಲು ಎರಡೂ ಗುಂಪುಗಳಿಗೆ ಆಗಲಿಲ್ಲ. ಆದರೆ ಪ್ರತ್ಯೇಕವಾಗಿ ಮಾಡಿದ್ದರಿಂದ ಒಂದು ಲಾಭವಾಯಿತು. ಕ್ಯಾಟ್ ಅವರ ಕಡೆಯವರು ಡೆಮಾಕ್ರಾಟರ ಮೇಲೆ ಹೆಚ್ಚು ಗಮನವಿಟ್ಟಿದ್ದಾಗ, ಈ ಗುಂಪಿನ ಕಾರ್ಯಕರ್ತೆಯರು ಪೂರ್ವ ಟೆನೆಸ್ಸಿಯ ಬೆಟ್ಟಸೀಮೆಯ ರಿಪಬ್ಲಿಕನ್ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಮಾತಾಡಿಸಿದರು. ಮುಂದೆ ನಿರ್ಣಾಯಕವಾದ ಮತ ಬಂದದ್ದು ಆ ಸೀಮೆಯಿಂದಲೇ.

ವಿರೋಧಿ ಪಾಳೆಯವನ್ನು ನಡೆಸಿದವರೂ ಹೆಣ್ಣುಮಕ್ಕಳೇ. ರಾಜ್ಯದ ವಿರೋಧಿ ಸಂಘದ ಅಧ್ಯಕ್ಷೆ ಜೋಸೆಫಿನ್ ಪಿಯರ್ಸನ್, ಕ್ಯಾಟ್ ಬಂದ ಸುದ್ದಿ ತಿಳಿದೊಡನೆ ಮಾಂಟೀಗಲ್‌ನಿಂದ ಹೊರಟು ಬಂದು ಅದೇ ಹರ್ಮಿಟೇಜ್ ಹೋಟೆಲಿನಲ್ಲಿ ಕಚೇರಿ ತೆರೆದರು. ಮಹಿಳಾ ಮತವನ್ನು ವಿರೋಧಿಸುವುದಾಗಿ ಸಾಯುತ್ತಿದ್ದ ತಾಯಿಗೆ ಅವರು ಮಾತು ಕೊಟ್ಟಿದ್ದರು. ಅವರ ಹಿಂದೆ ರೈಲ್ವೆ, ಬಟ್ಟೆ ಗಿರಣಿ ಮತ್ತು ಮದ್ಯದ ಹಿತಾಸಕ್ತಿಗಳು ನಿಂತಿವೆ ಎಂದು ಕ್ಯಾಟ್ ಅವರ ಕಡೆಯವರು ದೂರಿದರು. ಮಹಿಳೆಯರು ಮತದಾರರಾದರೆ ಬಾಲಕಾರ್ಮಿಕ ಕಾಯ್ದೆಗಳು ಬಿಗಿಯಾಗುತ್ತವೆ ಎಂಬ ಗಿರಣಿ ಮಾಲೀಕರ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಪಾನನಿಷೇಧ ಜಾರಿಯಲ್ಲಿದ್ದ ಆ ದಿನಗಳಲ್ಲಿ ಹೋಟೆಲಿನ ಎಂಟನೆಯ ಮಹಡಿಯ ಕೋಣೆಯೊಂದರಲ್ಲಿ ಶಾಸಕರಿಗೆ ವಿಸ್ಕಿ ಧಾರಾಳವಾಗಿ ಹರಿಯಿತು. ಪರವಾದವರು ಹಳದಿ ಗುಲಾಬಿ, ವಿರೋಧಿಗಳು ಕೆಂಪು ಗುಲಾಬಿ ಮುಡಿದರು. ಕೋಟಿನ ಮೇಲಿನ ಹೂವನ್ನು ಎಣಿಸಿದರೆ ಮತದ ಎಣಿಕೆ ಸಿಗುತ್ತದೆಂದು ಎಲ್ಲರೂ ನಂಬಿದ್ದರು.

ಆಗಸ್ಟ್ 13ರಂದು ಮೇಲ್ಮನೆ 25–4ರಿಂದ ಅನುಮೋದಿಸಿತು. ಈ ದೊಡ್ಡ ಅಂತರ ಪರವಾದವರಿಗಿಂತ ವಿರೋಧಿಗಳನ್ನು ಹೆಚ್ಚು ಎಚ್ಚರಿಸಿತು ಎಂದೇ ನನ್ನ ಅನಿಸಿಕೆ. ಅಲ್ಲಿಂದ ಮುಂದಿನ ಐದು ದಿನ ಒತ್ತಡವೆಲ್ಲ ಕೆಳಮನೆಯ ಮೇಲೆ ಬಿತ್ತು. ಆರಂಭದಲ್ಲಿ ಅನುಮೋದನೆಯ ಪರವಿದ್ದ ಸಭಾಧ್ಯಕ್ಷರೇ ವಿರೋಧಿ ಪಾಳೆಯದ ಸೇನಾನಿಯಾದರು. ಬರೆದುಕೊಟ್ಟಿದ್ದ ಮಾತುಗಳು ದಿನಕ್ಕೊಂದರಂತೆ ಮುರಿದವು. ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ವಾರನ್ ಹಾರ್ಡಿಂಗ್, ರಾಜ್ಯ ಸಂವಿಧಾನದ ಬಗ್ಗೆ ಆಕ್ಷೇಪವಿರುವವರನ್ನು ತಾವು ಒತ್ತಾಯಿಸುವುದಿಲ್ಲ ಎಂಬರ್ಥದ ಪತ್ರ ಬರೆದು, ತಮ್ಮ ಪಕ್ಷದ ಅಳ್ಳೆದೆಯ ಸದಸ್ಯರಿಗೆ ಹೊರಬಾಗಿಲು ತೋರಿಸಿದರು.

ಪರ ಬಣದ ಸದನ ನಾಯಕತ್ವವನ್ನು ಮೆಂಫಿಸ್‌ನ ಒಬ್ಬ ತರುಣ ವಕೀಲ ವಹಿಸಿಕೊಂಡರು. ಪೋಲೆಂಡಿನಿಂದ ಬಾಲ್ಯದಲ್ಲೇ ವಲಸೆ ಬಂದ ಯಹೂದಿ ಕುಟುಂಬದವರು. ಬೆದರಿಕೆಗಳು ಬಂದು ಅವರಿಗೆ ಅಂಗರಕ್ಷಕರನ್ನು ಕೊಡಬೇಕಾಯಿತು. ಅವರು ಮಾಡಿದ ಕೆಲಸ ಭಾಷಣಕ್ಕಿಂತ ಹೆಚ್ಚಾಗಿ ತಲೆ ಎಣಿಸುವುದು: ಯಾರು ಯಾವ ಕೋಣೆಯಲ್ಲಿದ್ದಾರೆ, ಯಾರ ಜೊತೆ ಊಟಕ್ಕೆ ಹೋಗಿದ್ದಾರೆ, ಯಾರು ರಾತ್ರಿ ಕಾಣೆಯಾಗಿದ್ದಾರೆ ಎಂಬುದರ ನಿಗಾ. ಎಡ್ ಕ್ರಂಪ್ ಅವರ ಹಿಡಿತದಲ್ಲಿದ್ದ ಮೆಂಫಿಸ್ ಸೀಮೆಯ ಸದಸ್ಯರು ಒಟ್ಟಾಗಿ ನಿಂತದ್ದು ಈ ಲೆಕ್ಕದ ಬುನಾದಿ. ಆದರ್ಶದ ಹೋರಾಟಕ್ಕೆ ನಗರ ರಾಜಕಾರಣದ ಒಬ್ಬ ಪಾಳೇಗಾರನ ನೆರವು ಬೇಕಾದದ್ದನ್ನು ಚಳವಳಿಯ ಮೆಚ್ಚುಗೆಯ ಬರಹಗಳು ಸಾಮಾನ್ಯವಾಗಿ ಮೆಲ್ಲಗೆ ದಾಟಿಬಿಡುತ್ತವೆ.

ಆಗಸ್ಟ್ 18

ಆ ಬೆಳಿಗ್ಗೆ ಕೆಳಮನೆಯ 99 ಸ್ಥಾನಗಳಲ್ಲಿ 96 ಮಂದಿ ಹಾಜರಿದ್ದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಒಬ್ಬ ಸದಸ್ಯರು ಆಸ್ಪತ್ರೆಯಿಂದ ಬಂದಿದ್ದರು. ಮಗು ಸಾಯುವ ಸ್ಥಿತಿಯಲ್ಲಿದೆ ಎಂಬ ಸುದ್ದಿ ಕೇಳಿ ಊರಿಗೆ ರೈಲು ಹತ್ತಿದ್ದ ಇನ್ನೊಬ್ಬರನ್ನು ಪರ ಬಣದವರು ರೈಲಿನಿಂದ ಇಳಿಸಿ ಕರೆತಂದು, ಮತದ ನಂತರ ವಿಶೇಷ ರೈಲಿನಲ್ಲಿ ಕಳಿಸಿಕೊಟ್ಟರು. ಈ ಎರಡು ಮತಗಳಲ್ಲಿ ಒಂದು ತಪ್ಪಿದ್ದರೂ ಮುಂದಿನ ಯಾವ ಪತ್ರವೂ ಕೆಲಸಕ್ಕೆ ಬರುತ್ತಿರಲಿಲ್ಲ.

ಕೆಂಪು ಗುಲಾಬಿಗಳನ್ನು ಎಣಿಸಿಕೊಂಡ ಸಭಾಧ್ಯಕ್ಷರು ಪೀಠ ಬಿಟ್ಟಿಳಿದು ಬಂದು, ನಿರ್ಣಯವನ್ನು ಬದಿಗಿರಿಸಬೇಕೆಂದು ಸೂಚನೆ ಮಂಡಿಸಿದರು. ಇದು ಯೋಚಿಸಿ ಇಟ್ಟ ಹೆಜ್ಜೆ. ನೇರವಾಗಿ ಮಹಿಳೆಯರ ವಿರುದ್ಧ ಮತ ಹಾಕಲು ಹಿಂಜರಿಯುವ ಸದಸ್ಯನೂ ‘ಈಗ ಬೇಡ’ ಎನ್ನಲು ಹಿಂಜರಿಯುವುದಿಲ್ಲ. ಬದಿಗಿರಿಸಿದ ನಿರ್ಣಯ ಆ ಅಧಿವೇಶನದ ಮಟ್ಟಿಗೆ ಸತ್ತ ಹಾಗೆಯೇ. ಹೆಸರು ಕೂಗಿ ಎಣಿಸಿದಾಗ ಬಂದದ್ದು 48–48. ವಿರೋಧಿಗಳ ಲೆಕ್ಕದಲ್ಲಿದ್ದ ಪಶ್ಚಿಮ ಟೆನೆಸ್ಸಿಯ ಒಬ್ಬ ಡೆಮಾಕ್ರಾಟ್ ಸದಸ್ಯರು ಕೊನೆಯಲ್ಲಿ ಸೂಚನೆಯ ವಿರುದ್ಧ ನಿಂತಿದ್ದರು. ಸಭಾಧ್ಯಕ್ಷರು ಮರು ಎಣಿಕೆ ಕೇಳಿದರು. ಅವರು ಸ್ವತಃ ಹೋಗಿ ಆ ಸದಸ್ಯರ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಮಾತಾಡಿದರೆಂದು ಅಲ್ಲಿದ್ದವರು ಹೇಳಿದ್ದಾರೆ. ಎರಡನೆಯ ಸಲವೂ 48–48. ಸಮ ಬಂದರೆ ಸೂಚನೆ ಬಿದ್ದಂತೆ. ನಿರ್ಣಯ ಜೀವಂತ ಉಳಿಯಿತು.

ಜನಪ್ರಿಯ ಕಥೆಯ ನಾಯಕರಾದ ತರುಣ ಸದಸ್ಯರು ಈ ಎರಡೂ ಸಲ ವಿರೋಧಿಗಳ ಜೊತೆಯಲ್ಲೇ ಮತ ಹಾಕಿದ್ದರು ಎಂಬುದನ್ನು ಗಮನಿಸಬೇಕು. ಅವರ ಕೋಟಿನ ಮೇಲೆ ಕೆಂಪು ಗುಲಾಬಿಯೇ ಇತ್ತು. ಆ ಹಂತದಲ್ಲಿ ತಿದ್ದುಪಡಿಯನ್ನು ಉಳಿಸಿದವರು ಇಂದು ಕಡಿಮೆ ನೆನಪಿರುವ ಆ ಇನ್ನೊಬ್ಬ ಸದಸ್ಯರು.

ಮುಂದಿನ ನಿರ್ಧಾರವೇ ಈ ಪ್ರಕರಣದ ಅತಿ ಮುಖ್ಯ ತಿರುವು. ಸಭಾಧ್ಯಕ್ಷರು ಅಲ್ಲಿಗೆ ಸಭೆ ಮುಂದೂಡಿಸಲು ಯತ್ನಿಸಬಹುದಿತ್ತು. ಇನ್ನೊಂದು ರಾತ್ರಿ ಸಿಕ್ಕಿದ್ದರೆ ಒಂದೆರಡು ಮತಗಳು ಅವರ ಕಡೆಗೆ ಸರಿಯುವ ಸಾಧ್ಯತೆಯೇ ಹೆಚ್ಚಾಗಿತ್ತು. ಆದರೆ ಬದಿಗಿರಿಸುವ ಸೂಚನೆ ಸಮಮತದಿಂದ ಬಿದ್ದಂತೆ ಮೂಲ ನಿರ್ಣಯವೂ ಸಮಮತದಿಂದಲೇ ಬೀಳುತ್ತದೆ ಎಂಬ ತರ್ಕ ಅವರದಾಗಿತ್ತು. 48 ಮಂದಿ ತಮ್ಮ ಜೊತೆ ಗಟ್ಟಿಯಾಗಿದ್ದಾರೆಂದು ನಂಬಿ ಅವರು ನಿರ್ಣಯವನ್ನೇ ಮತಕ್ಕೆ ಹಾಕಲು ಮುಂದಾದರು. ಪ್ರಶ್ನೆಯ ರೂಪ ಬದಲಾದಾಗ ಉತ್ತರವೂ ಬದಲಾಗಬಹುದು ಎಂಬುದನ್ನು, ಮೊದಲ ಸೂಚನೆಯನ್ನು ಅಷ್ಟು ಜಾಣತನದಿಂದ ಆರಿಸಿಕೊಂಡಿದ್ದ ಅವರೇ ಮರೆತಂತಿತ್ತು. ‘ಈಗ ಬೇಡ’ ಎನ್ನಲು ಒಪ್ಪಿದ್ದ 48 ಮಂದಿಯೂ ‘ಎಂದೂ ಬೇಡ’ ಎನ್ನಲು ಸಿದ್ಧರಿರಲಿಲ್ಲ.

ತರುಣ ಸದಸ್ಯರಿಗೆ ಆಗ 24 ವರ್ಷ, ಆ ಸಭೆಯಲ್ಲೇ ಅತಿ ಕಿರಿಯರು, ಬೆಟ್ಟಸೀಮೆಯ ರಿಪಬ್ಲಿಕನ್. ಅವರ ಕ್ಷೇತ್ರದಲ್ಲಿ ವಿರೋಧ ಬಲವಾಗಿತ್ತು, ನವೆಂಬರ್‌ನಲ್ಲಿ ಅವರೂ ಮರುಚುನಾವಣೆ ಎದುರಿಸಬೇಕಿತ್ತು. ಯಾರ ಕೈಕೆಳಗೆ ಕಾನೂನು ಓದುತ್ತಿದ್ದರೋ ಆ ಹಿರಿಯರು ಮೇಲ್ಮನೆಯಲ್ಲಿ ತಿದ್ದುಪಡಿಯ ವಿರುದ್ಧ ಕಟುವಾಗಿ ಮಾತಾಡಿದ್ದರು. ತರುಣ ಸದಸ್ಯರ ಜೇಬಿನಲ್ಲಿ ವಿಧವೆ ತಾಯಿಯ ಏಳು ಪುಟದ ಪತ್ರವಿತ್ತು. ಮನೆಯ ಸುದ್ದಿ, ಹಳ್ಳಿಯ ಸುದ್ದಿಗಳ ನಡುವೆ ಆಕೆ, ಆ ಹಿರಿಯರ ಭಾಷಣ ಬಹಳ ಕಹಿಯಾಗಿತ್ತೆಂದೂ, ಮಗ ಯಾವ ಕಡೆ ನಿಂತಿದ್ದಾನೆಂದು ಪತ್ರಿಕೆಯಲ್ಲಿ ಹುಡುಕಿದರೂ ಕಾಣಲಿಲ್ಲವೆಂದೂ, ಮಹಿಳೆಯರ ಪರ ಮತ ಹಾಕಿ ಅವರ ಅನುಮಾನ ಕಳೆಯಬೇಕೆಂದೂ, ಒಳ್ಳೆಯ ಹುಡುಗನಾಗಿ ಕ್ಯಾಟ್ ಅವರಿಗೆ ನೆರವಾಗಬೇಕೆಂದೂ ಬರೆದಿದ್ದರು. ಹೆಸರು ಕೂಗಿದಾಗ ಅವರು ‘ಹೌದು’ ಎಂದರು. ಎಷ್ಟು ಥಟ್ಟನೆ ಹೇಳಿದರೆಂದರೆ ಏನು ನಡೆಯಿತೆಂದು ಸಭೆಗೆ ಅರ್ಥವಾಗಲು ಕೆಲವು ಕ್ಷಣ ಬೇಕಾಯಿತು. ಫಲಿತಾಂಶ 49–47.

ಪತ್ರವೇ ಮತವನ್ನು ತಿರುಗಿಸಿತೇ? ಅದಕ್ಕೂ ಮುಂಚೆ, ಮಾತು ಕೊಡಲಾರೆನಾದರೂ ನಿಮಗೆ ಕೇಡಾಗುವಂಥದ್ದನ್ನು ಮಾಡೆನು ಎಂಬ ಧಾಟಿಯ ಮಾತನ್ನು ಅವರು ವುಮನ್ಸ್ ಪಾರ್ಟಿಯವರಿಗೆ ಹೇಳಿದ್ದರೆಂದು ಆ ಗುಂಪಿನವರು ದಾಖಲಿಸಿದ್ದಾರೆ. ಮರುದಿನ ಲಂಚದ ಆರೋಪ ಬಂದಾಗ ಅವರು ಸದನದ ನಡಾವಳಿಗೆ ಸೇರಿಸಿದ ಹೇಳಿಕೆಯಲ್ಲಿ ಪತ್ರವೊಂದನ್ನೇ ಕಾರಣವಾಗಿ ಕೊಡಲಿಲ್ಲ. ಮತದಾನ ಮಹಿಳೆಯರ ಹಕ್ಕೆಂದು ತಾವು ನಂಬಿರುವುದನ್ನೂ, ಅನುಮೋದಿಸುವ ಕಾನೂನುಬದ್ಧ ಅಧಿಕಾರ ಸಭೆಗಿದೆ ಎಂಬುದನ್ನೂ, ತಮ್ಮ ಪಕ್ಷಕ್ಕೆ ಬರುವ ಹೆಸರನ್ನೂ, ತಾಯಿಯ ಬುದ್ಧಿಮಾತು ಮಗನಿಗೆ ಸದಾ ಸುರಕ್ಷಿತ ಎಂಬುದನ್ನೂ ಒಟ್ಟಿಗೇ ಹೇಳಿದರು. ಈಗಾಗಲೇ ಅರ್ಧ ಮನಸ್ಸು ಮಾಡಿದ್ದ ಒಬ್ಬ ತರುಣನಿಗೆ, ತನ್ನ ಊರಿನವರ ಮುಂದೆ ಹೇಳಿಕೊಳ್ಳಬಹುದಾದ, ಯಾರೂ ಆಕ್ಷೇಪಿಸಲಾಗದ ಕಾರಣವೊಂದನ್ನು ಪತ್ರ ಒದಗಿಸಿತು ಎಂದು ನಾನು ಓದುತ್ತೇನೆ. ವಿರೋಧಿಗಳಿಗೆ ಇದು ಕೂಡಲೇ ಅರ್ಥವಾಯಿತು. ಅವರು ತಾಯಿಯ ಮನೆಗೇ ಜನ ಕಳಿಸಿ ಪತ್ರ ತನ್ನದಲ್ಲವೆನ್ನಿಸಲು ಯತ್ನಿಸಿದರು. ಆಕೆ ಒಪ್ಪಲಿಲ್ಲ.

ಮತದ ನಂತರದ ಹದಿಮೂರು ದಿನ

ಫಲಿತಾಂಶ ಘೋಷಣೆಗೆ ಮುಂಚೆ ಸಭಾಧ್ಯಕ್ಷರು ತಮ್ಮ ಮತವನ್ನು ‘ಹೌದು’ ಎಂದು ಬದಲಿಸಿಕೊಂಡರು. ಗೆದ್ದ ಕಡೆಯಲ್ಲಿ ಮತ ಹಾಕಿದವರು ಮಾತ್ರ ಮರುಪರಿಶೀಲನೆಗೆ ಸೂಚಿಸಬಹುದೆಂಬ ನಿಯಮ ಇದ್ದುದರಿಂದ ಇದು ಎಲ್ಲೆಡೆ ಬಳಕೆಯಲ್ಲಿರುವ ಪಟ್ಟೇ. ಆದರೆ ಇಲ್ಲಿ ಅದಕ್ಕೊಂದು ಅಡ್ಡಪರಿಣಾಮವಿತ್ತು. ಪರವಾದ ಮತಗಳು 50ಕ್ಕೇರಿದವು, ಅಂದರೆ ಹಾಜರಿದ್ದ 96ರಲ್ಲಿ ಮಾತ್ರವಲ್ಲ, ಒಟ್ಟು 99ರಲ್ಲಿಯೂ ಬಹುಮತ ಸಿಕ್ಕಿತು. ಬಹುಮತವೇ ಇರಲಿಲ್ಲವೆಂದು ನ್ಯಾಯಾಲಯದಲ್ಲಿ ವಾದಿಸುವ ಅವಕಾಶವನ್ನು ಅವರು ತಾವೇ ಮುಚ್ಚಿದರು.

ಮರುಪರಿಶೀಲನೆಗೆ ಇದ್ದ ಗಡುವಿನೊಳಗೆ ಮತ ತಿರುಗಿಸಲು ವಿರೋಧಿಗಳು ಎಲ್ಲ ಪ್ರಯತ್ನ ಮಾಡಿದರು. ರೈಮನ್ ಸಭಾಂಗಣದಲ್ಲಿ ದಕ್ಷಿಣವನ್ನು ಉಳಿಸಿ ಎಂಬ ದೊಡ್ಡ ಸಭೆ ನಡೆಯಿತು. ಒಬ್ಬರೂ ಕದಲಲಿಲ್ಲ. ಆಗ, ಆಗಸ್ಟ್ 21ರ ಬೆಳಗಾಗುವ ಮುನ್ನ, ಮೂವತ್ತಕ್ಕೂ ಹೆಚ್ಚು ವಿರೋಧಿ ಸದಸ್ಯರು ರೈಲು ಹತ್ತಿ ರಾಜ್ಯದ ಗಡಿ ದಾಟಿ ಅಲಬಾಮಾದ ಡಿಕೇಟರ್ ಊರಿಗೆ ಹೋಗಿ ಕೂತರು. ರೆಸಾರ್ಟ್ ರಾಜಕೀಯವನ್ನು ಕಂಡ ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಶಾಸಕರನ್ನು ಎದುರಾಳಿಗಳಿಂದ ಕಾಪಾಡಲು ಕರೆದೊಯ್ಯುತ್ತಾರೆ, ಅವರು ಹೋದದ್ದು ಕೋರಂ ಮುರಿಯಲು. 99ರ ಸಭೆಗೆ ಮೂರರಲ್ಲಿ ಎರಡು ಪಾಲು, 66 ಮಂದಿ ಬೇಕಿತ್ತು. ಉಳಿದಿದ್ದ ಸದಸ್ಯರು ಕೋರಂ ಇಲ್ಲವೆಂದು ಕೈಕಟ್ಟಿ ಕೂರದೆ, ಮರುಪರಿಶೀಲನೆಯ ಸೂಚನೆಯನ್ನು ತಾವೇ ಕೈಗೆತ್ತಿಕೊಂಡು ಸೋಲಿಸಿದರು. ಅದು ನಿಯಮಬದ್ಧವೇ ಎಂದು ಕೇಳಿದರೆ ಅನುಮಾನಕ್ಕೆ ಎಡೆಯಿದೆ. ಆದರೆ ಎದುರಾಳಿಗಳು ಸದನದಲ್ಲಿ ಇದ್ದಿದ್ದರೆ ಆ ಅನುಮಾನವನ್ನು ಅಲ್ಲೇ ಎತ್ತಬಹುದಿತ್ತು. ಅವರು ಖಾಲಿ ಬಿಟ್ಟುಹೋದ ಮೈದಾನದಲ್ಲಿ ನಡಾವಳಿ ಬರೆದವರು ಪರ ಬಣದವರು.

ಗವರ್ನರ್ ಪ್ರಮಾಣೀಕರಿಸದಂತೆ ಸ್ಥಳೀಯ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು. ರಾಜ್ಯದ ಮುಖ್ಯ ನ್ಯಾಯಾಧೀಶರು ಅದನ್ನು ತೆರವುಗೊಳಿಸಿದರು. ಆಗಸ್ಟ್ 24ರಂದು ರಾಬರ್ಟ್ಸ್ ಸಹಿ ಮಾಡಿ ಕಾಗದವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ವಾಷಿಂಗ್ಟನ್ನಿಗೆ ಕಳಿಸಿದರು. ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ಆಗಸ್ಟ್ 26ರ ಮುಂಜಾನೆ ತಮ್ಮ ಮನೆಯಲ್ಲೇ, ಯಾವ ಸಮಾರಂಭವೂ ಇಲ್ಲದೆ, ಛಾಯಾಗ್ರಾಹಕರಿಲ್ಲದೆ ಘೋಷಣೆಗೆ ಸಹಿ ಹಾಕಿದರು. ಸಮಾರಂಭಕ್ಕೆ ಕಾಯ್ದು ಕೂತವರಿಗೆ ನಿರಾಸೆಯಾಯಿತು. ಆದರೆ ಇನ್ನೊಂದು ತಡೆಯಾಜ್ಞೆಗೆ ಎಡೆಗೊಡದಿರಲು ಈ ಅವಸರ ಸರಿಯಾಗಿಯೇ ಇತ್ತು. ಡಿಕೇಟರ್‌ನಿಂದ ಮರಳಿದವರು ಆಗಸ್ಟ್ 31ರಂದು 47–24ರಿಂದ ಅನುಮೋದನೆಯನ್ನು ಹಿಂಪಡೆಯುವ ಮತ ಹಾಕಿದರು. ಅಷ್ಟರಲ್ಲಿ ಕಾಗದ ಅವರ ಕೈಮೀರಿತ್ತು. ಸೆಪ್ಟೆಂಬರ್ 14ರಂದು ಕನೆಕ್ಟಿಕಟ್ ಕೂಡ ಅನುಮೋದಿಸಿದ್ದರಿಂದ ಟೆನೆಸ್ಸಿಯ ಮೇಲಿನ ಅನುಮಾನಕ್ಕೆ ಬೆಲೆ ಉಳಿಯಲಿಲ್ಲ; 1922ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯ ಸಿಂಧುತ್ವವನ್ನು ಎತ್ತಿಹಿಡಿಯಿತು.

ಈ ಪ್ರಕರಣದಿಂದ ಏನನ್ನು ಕಲಿಯಬಹುದು

ಜುಲೈನಲ್ಲಿ ಬಹುಮತದಂತೆ ಕಂಡ ಮಾತುಗಳು ಆಗಸ್ಟ್‌ನಲ್ಲಿ ಕರಗಿದ್ದನ್ನು ನೋಡಿದರೆ, ಬೆಲೆ ತೆರಬೇಕಾಗಿಲ್ಲದ ಕಾಲದಲ್ಲಿ ಪಡೆದ ಒಪ್ಪಿಗೆ ಲೆಕ್ಕಕ್ಕೆ ಬಾರದು ಎಂದು ತೋರುತ್ತದೆ. ಕೊನೆಗೆ ಉಳಿದ ಮತಗಳ ಹಿಂದೆ ಮೂರು ಬೇರೆ ಬೇರೆ ಬಂಧಗಳಿದ್ದವು: ಮೆಂಫಿಸ್ ಸದಸ್ಯರನ್ನು ಹಿಡಿದಿಟ್ಟ ಸಂಘಟನೆ, ಗವರ್ನರ್ ಕೈಯಲ್ಲಿದ್ದ ಅಧಿಕಾರ, ಬೆಟ್ಟಸೀಮೆಯ ಕೆಲವರ ವೈಯಕ್ತಿಕ ನಂಬಿಕೆ. ಒಂದೇ ಬಗೆಯ ಒತ್ತಡವನ್ನು ನೆಚ್ಚಿದ್ದರೆ 48 ಕೂಡ ಸಿಗುತ್ತಿರಲಿಲ್ಲ. ಪರಸ್ಪರ ಮುಖ ನೋಡದ ಎರಡು ಮಹಿಳಾ ಸಂಘಟನೆಗಳ ಬೇರೆ ಬೇರೆ ದಾರಿಗಳು ಇಲ್ಲಿ ನಷ್ಟವಾಗದೆ ಲಾಭವಾದದ್ದೂ ಇದೇ ಕಾರಣಕ್ಕೆ. ಗುರಿ ಒಂದೇ ಆಗಿದ್ದು ಎದುರಿಗಿರುವವರು ನಾನಾ ಬಗೆಯವರಾಗಿದ್ದಾಗ ಒಗ್ಗಟ್ಟನ್ನು ಬಲವಂತವಾಗಿ ಹೇರುವುದು ಎಲ್ಲ ಸಂದರ್ಭಕ್ಕೂ ಒಳ್ಳೆಯ ಸಲಹೆಯಲ್ಲ.

ಸಭಾಧ್ಯಕ್ಷರ ನಡೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ನಿಯಮಪುಸ್ತಕ ಬಲ್ಲವನ ನಡೆ. ಒಟ್ಟಾಗಿ ನೋಡಿದರೆ ಅವು ಗೆಲುವು ಖಚಿತವೆಂಬ ಎಣಿಕೆಯ ಮೇಲೆ ನಿಂತಿದ್ದವು, ಆ ಎಣಿಕೆ ಹೂವಿನ ಬಣ್ಣದ ಮೇಲೆ. ತಮ್ಮ ಕಡೆಯವರಲ್ಲಿ ಯಾರು ಮನಸ್ಸಿನಿಂದ ಇದ್ದಾರೆ, ಯಾರು ಭಯದಿಂದ ಇದ್ದಾರೆ ಎಂಬುದನ್ನು ಅವರ ಬಣ ಬೇರ್ಪಡಿಸಿ ನೋಡಿದಂತೆ ಕಾಣುವುದಿಲ್ಲ. ಪರ ಬಣಕ್ಕೆ ಹಾಗೆ ನಿಶ್ಚಿಂತೆಯಿಂದ ಇರುವ ಅನುಕೂಲ ಇರಲೇ ಇಲ್ಲ. ಸೋಲುತ್ತೇವೆಂದೇ ತಿಳಿದಿದ್ದವರು ಒಬ್ಬೊಬ್ಬರ ಮನಸ್ಸನ್ನೂ ಓದಲೇಬೇಕಿತ್ತು.

ಬೆಲೆ ತೆತ್ತವರೂ ಇದ್ದಾರೆ. ರಾಬರ್ಟ್ಸ್ ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ರೆಡ್ ಟೇಲರ್ ಎದುರು ಸೋತರು, ಅದಕ್ಕೆ ಈ ಅಧಿವೇಶನವೊಂದೇ ಕಾರಣವೆನ್ನಲಾಗದಿದ್ದರೂ. ಕ್ಷೇತ್ರ ಕೈಬಿಡುತ್ತದೆಂದು ಎಲ್ಲರೂ ಹೆದರಿಸಿದ್ದ ತರುಣ ಸದಸ್ಯರು ಮಾತ್ರ ಮತ್ತೆ ಆರಿಸಿಬಂದರು.

ಪರ ಬಣ ತೆತ್ತ ಇನ್ನೊಂದು ಬೆಲೆ ಬೇರೆಯವರ ಲೆಕ್ಕದಲ್ಲಿ ಬರೆದದ್ದು. ಜನಾಂಗದ ಭಯ ಬಿತ್ತಿದ ವಿರೋಧಿಗಳಿಗೆ ಉತ್ತರವಾಗಿ ಹಲವು ಪ್ರಚಾರಕರು, ತಲೆಗಂದಾಯ ಮುಂತಾದ ಅಡ್ಡಿಗಳು ಹೇಗಿದ್ದವೋ ಹಾಗೆಯೇ ಇರುತ್ತವೆ, ಬಿಳಿಯರ ಮೇಲುಗೈಗೆ ಧಕ್ಕೆಯಿಲ್ಲ ಎಂದೇ ಸಮಾಧಾನ ಹೇಳಿದರು. ಆ ವರ್ಷದ ಮೇ ತಿಂಗಳಲ್ಲಿ ಅದೇ ಶಾಸನಸಭೆಯ ಸಭಾಂಗಣದಲ್ಲಿ, ಮಹಿಳಾ ಮತದಾರರ ಸಮಾವೇಶವನ್ನು ಉದ್ದೇಶಿಸಿ ಫ್ರಾಂಕಿ ಪಿಯರ್ಸ್ ಮಾತಾಡಿ, ನಾವು ನಿಮ್ಮ ಜೊತೆ ನಿಲ್ಲುತ್ತೇವೆ, ನಮಗೆ ಬೇಕಾದದ್ದು ನ್ಯಾಯವಾದ ವ್ಯವಹಾರ ಎಂಬರ್ಥದಲ್ಲಿ ಹೇಳಿದ್ದರು. ಅವರು ಕೇಳಿದ್ದರಲ್ಲಿ ಒಂದು, ಕಪ್ಪು ಹೆಣ್ಣುಮಕ್ಕಳಿಗಾಗಿ ರಾಜ್ಯದ ವೃತ್ತಿಶಿಕ್ಷಣ ಶಾಲೆ. ಅದು 1923ರಲ್ಲಿ ತೆರೆಯಿತು, ಪಿಯರ್ಸ್ ಅವರೇ ಅದರ ಮುಖ್ಯಸ್ಥೆಯಾದರು. ಜಾರ್ಜಿಯಾ ಮತ್ತು ಮಿಸಿಸಿಪ್ಪಿಯಲ್ಲಿ, ಹೆಸರು ನೋಂದಾಯಿಸುವ ಗಡುವು ದಾಟಿದೆ ಎಂಬ ಕಾರಣ ಹೇಳಿ 1920ರ ನವೆಂಬರ್‌ನಲ್ಲಿ ಮಹಿಳೆಯರಿಗೆ ಮತ ಹಾಕಲು ಬಿಡಲಿಲ್ಲ. ದಕ್ಷಿಣದ ಬಹುಪಾಲು ಕಪ್ಪು ಮಹಿಳೆಯರಿಗೆ ಆ ಹಕ್ಕು ಕೈಗೆಟುಕಿದ್ದು 1965ರ ಮತದಾನ ಹಕ್ಕುಗಳ ಕಾಯ್ದೆಯ ನಂತರ. ಮಿಸಿಸಿಪ್ಪಿಯ ಶಾಸನಸಭೆ ಹತ್ತೊಂಬತ್ತನೆಯ ತಿದ್ದುಪಡಿಗೆ ತನ್ನ ಅನುಮೋದನೆಯನ್ನು ಕೊಟ್ಟದ್ದು 1984ರಲ್ಲಿ.